ಸುಂದರಾಂಬಾಳರೂ ಅವರ ರಸಿಕವರ್ಗವೂ

ಕವಿಯ ಕೀರ್ತಿಗೆ ಓಲೆಗರಿಯ ಆಸರೆಯುಂಟು; ಶಿಲ್ಪಿಯ ಕೀರ್ತಿಗೆ ಕಲ್ಲಿನ ಆಸರೆಯುಂಟು. ನಾಟ್ಯರಂಗದಲ್ಲಿ ಹಾಡಿ ಆಡಿದವರ ಕೀರ್ತಿಗಾದರೋ ನೋಡಿದವರ ಕಣ್ಣು, ಕೇಳಿದವರ ಕಿವಿ, ಇವಿಷ್ಟೇ ಆಸರೆ. ಬೆಳಗಿನ ಜಾವಕ್ಕೆ ಪರದೆ ಬಿದ್ದು ದೀಪಗಳು ಆರಿದ ಮೇಲೆ ಆ ರಾತ್ರಿಯ ಗಾನವೆಲ್ಲಿಯೆಂದು ಕೇಳಿದರೆ, ಮನೆಗೆ ಹಿಂದಿರುಗುತ್ತಿರುವ ರಸಿಕರ ಎದೆಯಲ್ಲಿ ಎಂದೇ ಹೇಳಬೇಕು. ಆದುದರಿಂದ ಒಬ್ಬ ನಟಿಯ ಚರಿತ್ರೆಯನ್ನು ಬರೆಯಹೊರಟವರು ಆಕೆಯ ರಸಿಕರ ಚರಿತ್ರೆಯನ್ನೂ ಬರೆಯಲೇಬೇಕಾಗುವುದು. ಅವರು ಆಕೆಯಲ್ಲಿ ಮೆಚ್ಚಿದುದೇನು, ಮೆಚ್ಚಿ ಆಕೆಗೆ ಕೊಟ್ಟುದೇನು, ಕೊಟ್ಟುದಕ್ಕೆ ಪ್ರತಿಯಾಗಿ ಆಕೆಯಿಂದ ಬಯಸಿದುದೇನು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತಲ್ಲದೆ ಆ ಚರಿತ್ರೆಯು ಪೂರ್ಣವಾಗದು.

ತಮಿಳು ಸಂಗೀತ ನಾಟಕದ ಪ್ರಖ್ಯಾತ ನಟಿಯಾಗಿದ್ದ ಕೆ. ಬಿ. ಸುಂದರಾಂಬಾಳರ ಜೀವಿತವು ಈ ಪ್ರಶ್ನೆಗಳನ್ನು ಬಹು ಸ್ಪಷ್ಟವಾಗಿ ನಮ್ಮ ಮುಂದಿಡುವುದು. ೧೯೦೮ರಲ್ಲಿ ಹುಟ್ಟಿ ೧೯೮೦ರಲ್ಲಿ ತೀರಿಕೊಂಡ ಈಕೆಯನ್ನು ತಮಿಳು ಜನರು ಮೊದಲು ವಳ್ಳಿಯೆಂದು ಪ್ರೀತಿಸಿದರು. ಕಡೆಗೆ ಔವೆಯೆಂದು ಪೂಜಿಸಿದರು. ಒಂದೇ ಕಂಠ, ಬಹುಮಟ್ಟಿಗೆ ಅದೇ ರಸಿಕರು; ಆದರೆ ಪ್ರೀತಿಯು ಪೂಜೆಯಾಗಿ ಮಾರ್ಪಡುವ ನಡುವಣ ದಾರಿಯಲ್ಲಿ ಒಂದು ದುಃಖವೂ ಒಂದು ವ್ರತವೂ ಇವೆ. ರಂಗದ ಹೆಣ್ಣಿಗೆ ಗೌರವವು ಎಷ್ಟು ಸುಲಭವಾಗಿ ದೊರೆಯದೆಂಬುದೂ, ದೊರೆತಾಗ ಅದಕ್ಕೆ ಎಂಥ ಬೆಲೆಯನ್ನು ತೆರಬೇಕಾಯಿತೆಂಬುದೂ ಆ ದಾರಿಯನ್ನು ನೋಡಿದವರಿಗೆ ತಿಳಿಯುವುದು.

೧

ಕೊಡಗಿನಲ್ಲಿ ಹುಟ್ಟಿದ ಕಾವೇರಿಯು ಕೊಳ್ಳೇಗಾಲದ ಸೀಮೆಯನ್ನು ದಾಟಿ, ಬೆಟ್ಟಗಳ ಸಂದಿಯಲ್ಲಿ ಹರಿದು, ಬಯಲಿಗೆ ಇಳಿದ ಮೇಲೆ ಈರೋಡಿನ ಕೆಳಗೆ ಅದರ ದಡದಲ್ಲಿ ಕೊಡುಮುಡಿಯೆಂಬ ಊರಿದೆ. ಶಿವಸ್ಥಳವೆಂದು ಪ್ರಾಚೀನ ಶೈವಗೀತಗಳಲ್ಲಿ ಕೀರ್ತಿಸಲ್ಪಟ್ಟ ಕ್ಷೇತ್ರವಿದು. ಸುಂದರಾಂಬಾಳರು ಹುಟ್ಟಿದ ಕಾಲದಲ್ಲಿ ಅದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಕನ್ನಡಿಗರ ಕೊಳ್ಳೇಗಾಲವೂ ೧೯೫೬ರ ವರೆಗೆ ಅದೇ ಜಿಲ್ಲೆಯ ತಾಲ್ಲೂಕಾಗಿದ್ದುದರಿಂದ, ಈ ಗಾಯಕಿಯೂ ಆ ಸೀಮೆಯ ಕನ್ನಡಿಗರೂ ಬಹುಕಾಲ ಒಂದೇ ಜಿಲ್ಲೆಯವರಾಗಿದ್ದರೆಂದು ಹೇಳಬಹುದು.

ಆಕೆಯ ಹೆಸರಿನ ಮೊದಲ ಅಕ್ಷರಗಳೇ ಒಂದು ಕಥೆಯನ್ನು ಹೇಳುವುವು. ‘ಕೆ’ ಎಂಬುದು ಊರಾದ ಕೊಡುಮುಡಿ. ‘ಬಿ’ ಎಂಬುದು ತಂದೆಯಲ್ಲ, ತಾಯಿಯಾದ ಬಾಲಾಂಬಾಳ್. ಮನೆತನದ ಹೆಸರಿಲ್ಲ, ಆಸ್ತಿಯಿಲ್ಲ, ಸಂಗೀತದ ಗುರುಪರಂಪರೆಯೂ ಇಲ್ಲ. ಬಡತನದಲ್ಲಿ ಬೆಳೆದ ಈ ಹುಡುಗಿಯು ರೈಲುಬಂಡಿಗಳಲ್ಲಿ ಹಾಡಿ ಕಾಸು ಗಳಿಸುತ್ತಿದ್ದಳೆಂದೂ, ರೈಲ್ವೆಯ ಅಧಿಕಾರಿಯೂ ನಾಟಕಪ್ರಿಯರೂ ಆಗಿದ್ದ ಎಫ್. ಜಿ. ನಟೇಶ ಅಯ್ಯರವರು ಅಂತಹ ಹಾಡನ್ನು ಕೇಳಿ ಆಕೆಯನ್ನು ರಂಗದ ಕಡೆಗೆ ತಿರುಗಿಸಿದರೆಂದೂ ಪ್ರಸಿದ್ಧವಾಗಿದೆ. ಹತ್ತು ವರ್ಷ ತುಂಬುವ ಹೊತ್ತಿಗೆ ಆಕೆಯು ನಾಟಕಮಂಡಲಿಯನ್ನು ಸೇರಿ ಬಾಲಪಾತ್ರಗಳನ್ನು ವಹಿಸುತ್ತಿದ್ದಳು. ಆಗಿನ ನಾಟಕ ಮಂಡಲಿಗಳು ಸಮುದ್ರವನ್ನು ದಾಟಿ ಸಿಂಹಳಕ್ಕೂ ಹೋಗುತ್ತಿದ್ದುವು. ಆಕೆಯೂ ಅವರೊಡನೆ ಕೊಲಂಬೋವಿಗೆ ಹೋಗಿ ಅಲ್ಲಿಯ ತಮಿಳು ಜನರ ಮೆಚ್ಚುಗೆಯನ್ನು ಗಳಿಸಿದಳು.

ಆ ಕಾಲದ ತಮಿಳು ರಂಗದ ರೀತಿಯನ್ನು ತಿಳಿಯದಿದ್ದರೆ ಈ ಮೆಚ್ಚುಗೆಯ ಸ್ವರೂಪವು ತಿಳಿಯದು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯಂತಹ ಕನ್ನಡ ಮಂಡಲಿಗಳನ್ನು ಬಲ್ಲವರಿಗೆ ನಾಟಕವೆಂದರೆ ಒಬ್ಬ ಯಜಮಾನನ ಕೆಳಗೆ ಒಟ್ಟಿಗೆ ಉಂಡು, ಒಟ್ಟಿಗೆ ಅಭ್ಯಾಸ ಮಾಡಿ, ಊರಿಂದೂರಿಗೆ ಪರದೆಗಳೊಡನೆ ಸಾಗುವ ಸಂಸಾರವೇ ನೆನಪಿಗೆ ಬರುವುದು. ತಮಿಳು ನಾಡಿನಲ್ಲಿಯೂ ಅಂತಹ ಕಂಪೆನಿಗಳಿದ್ದುವು; ಕನ್ನಯ್ಯನವರ ಮಂಡಲಿಯು ತನ್ನ ರಂಗಸಜ್ಜಿಕೆಯ ವೈಭವಕ್ಕೆ ಹೆಸರಾಗಿದ್ದಿತು. ಆದರೆ ಇವುಗಳೊಡನೆ ‘ಸ್ಪೆಷಲ್ ನಾಟಕ’ವೆಂಬ ಬೇರೊಂದು ಪದ್ಧತಿಯೂ ಅಲ್ಲಿ ಬೆಳೆಯಿತು. ಇದರಲ್ಲಿ ಕಂಪೆನಿಯೆಂಬುದಿಲ್ಲ. ನಾಟಕವನ್ನು ಏರ್ಪಡಿಸುವವನು ಒಂದು ಊರಿನಿಂದ ನಾಯಕನನ್ನೂ, ಇನ್ನೊಂದು ಊರಿನಿಂದ ನಾಯಿಕೆಯನ್ನೂ, ಮತ್ತೊಂದು ಊರಿನಿಂದ ಹಾಸ್ಯಗಾರನನ್ನೂ ಹಾರ್ಮೋನಿಯಂ ವಾದಕನನ್ನೂ ಒಂದು ರಾತ್ರಿಯ ಮಟ್ಟಿಗೆ ಗೊತ್ತುಮಾಡಿ ಕರೆಸುವನು. ಒಟ್ಟಾಗಿ ಅಭ್ಯಾಸ ಮಾಡುವ ಸಂದರ್ಭವೇ ಇಲ್ಲ. ಶಂಕರದಾಸ ಸ್ವಾಮಿಗಳು (೧೮೬೭–೧೯೨೨) ರಚಿಸಿದ ನಾಟಕಗಳು ಎಲ್ಲರಿಗೂ ಕಂಠಪಾಠವಾಗಿದ್ದುದರಿಂದ, ಆ ಪಾಠವೇ ಅಪರಿಚಿತರನ್ನು ಒಂದು ರಂಗದ ಮೇಲೆ ಕೂಡಿಸುತ್ತಿದ್ದಿತು.

ಅಭ್ಯಾಸವಿಲ್ಲದೆ ಎದುರುಬದುರಾದ ಇಬ್ಬರು ಸಮರ್ಥ ಗಾಯಕರ ನಡುವೆ ನಾಟಕವು ಸ್ಪರ್ಧೆಯಾಗುವುದು ಸಹಜ. ನಾಯಕನು ಒಂದು ರಾಗದಲ್ಲಿ ಪ್ರಶ್ನೆಯನ್ನೆಸೆದರೆ ನಾಯಿಕೆಯು ಅದಕ್ಕೆ ತಕ್ಕ ಉತ್ತರವನ್ನು ಹಾಡಿನಲ್ಲಿಯೇ ಕೊಡಬೇಕು. ಪಠ್ಯದಲ್ಲಿಲ್ಲದ ಮಾತುಗಳೂ, ಕೇಳಿರದ ಸಂಗತಿಗಳೂ ಆ ಕ್ಷಣಕ್ಕೆ ಹುಟ್ಟಿಬರಬೇಕು. ಧ್ವನಿವರ್ಧಕಗಳಿಲ್ಲದ ಕಾಲ, ಸಾವಿರಾರು ಜನರ ಕಡೆಯ ಸಾಲಿನವರೆಗೂ ಬರಿಯ ಕಂಠವು ಮುಟ್ಟಬೇಕು. ಆದುದರಿಂದಲೇ ಉಚ್ಚ ಶ್ರುತಿಯಲ್ಲಿ ನಿಂತು, ಶಬ್ದಗಳ ಸ್ಪಷ್ಟತೆ ಕೆಡದಂತೆ, ಇರುಳೆಲ್ಲ ಹಾಡಬಲ್ಲ ಶಾರೀರಕ್ಕೆ ಆ ರಂಗದಲ್ಲಿ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಪ್ರೇಕ್ಷಕರೂ ಸುಮ್ಮನೆ ನೋಡಿ ಹೋಗುವವರಾಗಿರಲಿಲ್ಲ. ಕಥೆಯು ಅವರಿಗೆ ಮೊದಲೇ ಗೊತ್ತು, ಹಾಡುಗಳೂ ಗೊತ್ತು. ಈ ರಾತ್ರಿ ಗೆದ್ದವರಾರು ಎಂಬುದನ್ನು ತೀರ್ಮಾನಿಸಲು ಅವರು ಬಂದಿರುತ್ತಿದ್ದರು. ರಸಿಕನು ನ್ಯಾಯಾಧಿಪತಿಯೂ ಆಗಿದ್ದ ರಂಗಭೂಮಿಯದು.

೨

ಸ್ಪೆಷಲ್ ನಾಟಕಗಳ ಮುಕುಟಮಣಿಯು ‘ವಳ್ಳಿ ತಿರುಮಣಂ’, ಎಂದರೆ ವಳ್ಳಿಯ ಕಲ್ಯಾಣ. ಬೇಡರ ದೊರೆಯು ಸಾಕಿದ ಮಗಳು ವಳ್ಳಿಯು ಧಾನ್ಯದ ಹೊಲದ ನಡುವೆ ಅಟ್ಟಣೆಯ ಮೇಲೆ ನಿಂತು, ಹಾಡುತ್ತ ಹಕ್ಕಿಗಳನ್ನು ಓಡಿಸುತ್ತಿರುವಳು. ನಾರದನ ಮಾತನ್ನು ಕೇಳಿ ಮುರುಗನು ಬೇಟೆಗಾರನ ವೇಷದಲ್ಲಿ ಬರುವನು. ಅವಳು ಒಲ್ಲೆನೆನ್ನುವಳು, ಅವನು ಬಿಡೆನೆನ್ನುವನು. ಮುರುಗನು ಮುದುಕನಾಗಿ ಮರಳಿ ಬರುವನು. ಅಣ್ಣನಾದ ಗಣಪತಿಯು ಆನೆಯಾಗಿ ಬಂದು ಹೆದರಿಸಿದಾಗ ವಳ್ಳಿಯು ಸೋಲುವಳು. ಕಥೆಯು ಇಷ್ಟೇ. ಆದರೆ ಬೇಟೆಗಾರನಿಗೂ ಹೊಲಕಾಯುವ ಹುಡುಗಿಗೂ ನಡೆಯುವ ವಾಗ್ವಾದವು ಗಂಟೆಗಟ್ಟಳೆ ಬೆಳೆಯಬಲ್ಲುದು. ಅಲ್ಲಿ ಹೆಣ್ಣಿಗೆ ಪುರುಷನ ಸಮಾನವಾದ ಮಾತಿದೆ, ಸಮಾನವಾದ ಹಾಡಿದೆ. ಅವನನ್ನು ನಿರುತ್ತರನನ್ನಾಗಿ ಮಾಡಿದರೆ ಚಪ್ಪಾಳೆಯು ಅವಳದೇ.

೧೯೨೬ರಲ್ಲಿ ಕೊಲಂಬೋವಿನಲ್ಲಿ ಸುಂದರಾಂಬಾಳರಿಗೆ ಸರಿಜೋಡಿಯಾದ ಗಾಯಕನು ದೊರೆತನು. ಆತನೇ ಎಸ್. ಜಿ. ಕಿಟ್ಟಪ್ಪ. ಆಗ ತಿರುವಾಂಕೂರಿಗೆ ಸೇರಿದ್ದ ಶೆಂಗೋಟ್ಟೆಯಲ್ಲಿ ೧೯೦೬ರಲ್ಲಿ ಹುಟ್ಟಿದ ಈ ಬ್ರಾಹ್ಮಣ ತರುಣನು ಬಾಲ್ಯದಿಂದಲೂ ಅಣ್ಣಂದಿರೊಡನೆ ನಾಟಕಗಳಲ್ಲಿ ಹಾಡಿ, ಕನ್ನಯ್ಯನವರ ಮಂಡಲಿಯಲ್ಲಿ ಹೆಸರುಗಳಿಸಿದ್ದನು. ಆತನ ಶಾರೀರವು ಎಷ್ಟು ಎತ್ತರಕ್ಕೇರಿದರೂ ಮಾಧುರ್ಯವನ್ನು ಬಿಡುತ್ತಿರಲಿಲ್ಲವೆಂಬುದಕ್ಕೆ ಉಳಿದಿರುವ ಗ್ರಾಮಫೋನ್ ತಟ್ಟೆಗಳೇ ಸಾಕ್ಷಿ. ಆತನ ವೇಲನಿಗೆ ಸುಂದರಾಂಬಾಳರು ವಳ್ಳಿಯಾದರು. ಅಣ್ಣನಾದ ಕಾಶಿ ಅಯ್ಯರು ಹಾರ್ಮೋನಿಯಂ ನುಡಿಸಿದರು. ಮರುವರ್ಷ, ಎಂದರೆ ೧೯೨೭ರಲ್ಲಿ, ರಂಗದ ಈ ಜೋಡಿಯು ಬಾಳಿನಲ್ಲಿಯೂ ಜೋಡಿಯಾಯಿತು.

ಅನಂತರದ ಐದಾರು ವರ್ಷಗಳಲ್ಲಿ ಈ ಇಬ್ಬರಿಗೆ ದೊರೆತ ಜನಾದರಣೆಯು ತಮಿಳು ರಂಗದಲ್ಲಿ ಅಪೂರ್ವವಾದುದು. ಭಿತ್ತಿಪತ್ರದಲ್ಲಿ ಎರಡು ಹೆಸರುಗಳು ಒಟ್ಟಿಗೆ ಕಂಡರೆ ಸಾಕು, ಸುತ್ತಣ ಹಳ್ಳಿಗಳು ಗಾಡಿಗಳನ್ನು ಕಟ್ಟುತ್ತಿದ್ದುವು. ನಾಟಕದ ಹಾಡುಗಳ ಪುಸ್ತಕಗಳು ಪೇಟೆಗಳಲ್ಲಿ ಮಾರಾಟವಾಗುತ್ತಿದ್ದುವು. ರಂಗದ ಹಾಡುಗಳು ಕೊಲಂಬಿಯಾ ತಟ್ಟೆಗಳಾಗಿ, ನಾಟಕಕ್ಕೆ ಕಾಲಿಡದಿದ್ದ ಮನೆಗಳನ್ನೂ ಹೊಕ್ಕುವು. ಈ ಕಡೆಯ ಸಂಗತಿಯು ಗಮನಾರ್ಹವಾದುದು. ಕುಲೀನ ಮನೆತನದ ಸ್ತ್ರೀಯರು ನಾಟಕಕ್ಕೆ ಹೋಗಲು ಅಂಜುತ್ತಿದ್ದ ಕಾಲದಲ್ಲಿ, ನಾಟಕದ ಹೆಣ್ಣಿನ ಕಂಠವು ತಾನಾಗಿ ಅವರ ಪಡಸಾಲೆಗೆ ಬಂದಿತು. ನಟಿಯನ್ನು ಮನೆಯೊಳಗೆ ಕರೆಯದವರೂ ನಟಿಯ ಗಾನವನ್ನು ಕರೆದರು.

ಹಾಗೆಂದು ನಟಿಯ ಸ್ಥಾನವು ಬದಲಾಯಿತೆಂದು ತಿಳಿಯಬಾರದು. ಆಕೆಗಿಂತ ಒಂದು ತಲೆಮಾರು ಹಿಂದೆ ಕುಂಭಕೋಣದ ಬಾಲಾಮಣಿ ಅಮ್ಮಾಳರು ಸ್ತ್ರೀಯರೇ ಎಲ್ಲ ಪಾತ್ರಗಳನ್ನೂ ವಹಿಸುವ ಮಂಡಲಿಯನ್ನು ನಡೆಸಿ, ತಮ್ಮ ನಾಟಕಗಳಿಗಾಗಿ ವಿಶೇಷ ರೈಲು ಓಡುತ್ತಿದ್ದಿತೆಂಬ ಪ್ರಸಿದ್ಧಿಯನ್ನು ಗಳಿಸಿದ್ದರು. ಆದರೆ ಅವರ ಮುಪ್ಪಿನ ಕಾಲವು ಬಡತನದಲ್ಲಿ ಕಳೆಯಿತು. ರಸಿಕರು ಯೌವನವನ್ನು ನೋಡಲು ಬಂದರು. ಮುಪ್ಪನ್ನು ವಿಚಾರಿಸಲು ಬರಲಿಲ್ಲ. ರಂಗದ ಹೆಣ್ಣಿನ ಕೀರ್ತಿಗೆ ಇದ್ದ ಅವಧಿಯು ಅಷ್ಟೇ ಎಂಬುದು ಆಗಿನ ಸಾಮಾನ್ಯ ನಂಬುಗೆ. ಸುಂದರಾಂಬಾಳರ ವಿಷಯದಲ್ಲಿಯೂ ಕಿಟ್ಟಪ್ಪನಿಗೆ ಮೊದಲೇ ಮದುವೆಯಾಗಿದ್ದಿತು, ಕುಲಭೇದವೂ ಅಡ್ಡವಾಗಿದ್ದಿತು. ದಂಪತಿಗಳ ನಡುವೆ ಮನಸ್ತಾಪವೂ ಅಗಲಿಕೆಯೂ ಒದಗಿದುವು. ಆ ದಿನಗಳಲ್ಲಿ ಆಕೆಯು ಬರೆದ ಕಾಗದಗಳು ಈಚೆಗೆ ಪ್ರಕಟವಾದುವು. ರಂಗದ ಮೇಲೆ ಮುರುಗನನ್ನು ಮಾತಿನಲ್ಲಿ ಗೆಲ್ಲುತ್ತಿದ್ದ ವಳ್ಳಿಯು ಅವುಗಳಲ್ಲಿ ಬೇಡುವ ಹೆಂಡತಿಯಾಗಿ ಕಾಣುವಳು. ಪ್ರೇಕ್ಷಕರು ಇವೊಂದನ್ನೂ ಅರಿಯರು. ಅವರಿಗೆ ಬೇಕಾಗಿದ್ದುದು ವಳ್ಳಿ ವೇಲರ ಎಂದಿಗೂ ಮುಗಿಯದ ಕಲ್ಯಾಣ.

೩

೧೯೩೩ರ ಡಿಸೆಂಬರ್ ೨ರಂದು ಕಿಟ್ಟಪ್ಪನು ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಸುಂದರಾಂಬಾಳರಿಗೆ ಆಗ ಇಪ್ಪತ್ತೈದು ವರ್ಷ. ಆಕೆಯು ಬಿಳಿಯ ಸೀರೆಯನ್ನುಟ್ಟರು, ಆಭರಣಗಳನ್ನು ತೊರೆದರು, ಇನ್ನು ಯಾವ ಪುರುಷನಿಗೂ ಜೋಡಿಯಾಗಿ ನಟಿಸುವುದಿಲ್ಲವೆಂದು ನಿಶ್ಚಯಿಸಿ ರಂಗವನ್ನು ಬಿಟ್ಟರು. ವಳ್ಳಿಯ ಪಾತ್ರವು ಅಂದಿಗೆ ಮುಗಿಯಿತು.

ಯೌವನದ ನಟಿಯು ಶೃಂಗಾರವನ್ನು ತೊರೆದ ಮೇಲೆ ರಸಿಕರೂ ಅವಳನ್ನು ತೊರೆಯುವರೆಂಬುದೇ ಲೋಕದ ಲೆಕ್ಕವಾಗಿದ್ದಿತು. ಆ ಲೆಕ್ಕವು ಇಲ್ಲಿ ತಪ್ಪಿತು. ಆಕೆಯು ಏಕಾಂತದಿಂದ ಹೊರಬಂದು ಕಚೇರಿಗಳಲ್ಲಿ ಹಾಡತೊಡಗಿದಾಗ, ನಾಟಕಕ್ಕೆ ನೆರೆಯುತ್ತಿದ್ದ ಜನವೇ ಕಚೇರಿಗೂ ನೆರೆಯಿತು. ಕಾಂಗ್ರೆಸ್ಸಿನ ಪ್ರಸಿದ್ಧ ವಾಗ್ಮಿಗಳಾದ ಎಸ್. ಸತ್ಯಮೂರ್ತಿಯವರು ಸ್ವತಃ ಹವ್ಯಾಸಿ ರಂಗದ ನಟರಾಗಿದ್ದವರು. ಕಲಾವಿದರ ಮೇಲೆ ಜನರಿಗಿದ್ದ ಪ್ರೀತಿಯು ದೇಶಕಾರ್ಯಕ್ಕೆ ಎಷ್ಟು ಉಪಯುಕ್ತವೆಂಬುದನ್ನು ಅವರು ಬಲ್ಲವರಾಗಿದ್ದರು. ಅವರ ಪ್ರೇರಣೆಯಿಂದ ಸುಂದರಾಂಬಾಳರು ರಾಷ್ಟ್ರೀಯ ಸಭೆಗಳಲ್ಲಿ ಹಾಡಿದರು. ೧೯೩೭ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪರವಾಗಿ ಊರೂರುಗಳಲ್ಲಿ ಹಾಡಿದರು.

ರಂಗಕ್ಕೂ ರಾಷ್ಟ್ರಕ್ಕೂ ಈ ನಂಟು ಹೊಸದಾಗಿರಲಿಲ್ಲ. ವಳ್ಳಿಯು ಹೊಲದಿಂದ ಹಕ್ಕಿಗಳನ್ನು ಓಡಿಸುವ ಸಂದರ್ಭದಲ್ಲಿ, ಬಿಳಿಯ ಕೊಕ್ಕರೆಗಳನ್ನು ಬಿಳಿಯ ದೊರೆಗಳೆಂದು ಸೂಚಿಸಿ ಮಧುರೆಯ ಭಾಸ್ಕರದಾಸರು ಕಟ್ಟಿದ ಹಾಡು ನಾಡೆಲ್ಲ ಹಬ್ಬಿದ್ದಿತು. ಅದನ್ನು ಹಾಡಿ ಪ್ರಸಿದ್ಧರಾದ ವಿಶ್ವನಾಥದಾಸರು ಪದೇ ಪದೇ ಸೆರೆಮನೆಯನ್ನು ಕಂಡರು. ೧೯೪೦ನೆಯ ಇಸವಿಯ ಕಡೆಯ ರಾತ್ರಿ ಮದರಾಸಿನ ರಂಗದ ಮೇಲೆ, ಮುರುಗನ ವೇಷದಲ್ಲಿ ನವಿಲಿನ ಮೇಲೆ ಕುಳಿತು ಹಾಡುತ್ತಿರುವಾಗಲೇ ಪ್ರಾಣಬಿಟ್ಟರು. ಕ್ಷೌರಿಕ ಕುಲದವರೆಂಬ ಕಾರಣದಿಂದ ರಂಗದೊಳಗೇ ಅವಮಾನವನ್ನುಂಡ ಈ ಮಹನೀಯರ ಹೆಸರನ್ನು ಇಲ್ಲಿ ಸ್ಮರಿಸುವುದಕ್ಕೆ ಕಾರಣವುಂಟು. ಜನರ ಪ್ರೀತಿ, ಸಮಾಜದ ಗೌರವ ಎಂಬಿವು ಎರಡು ಬೇರೆ ವಸ್ತುಗಳು. ಒಂದು ದೊರೆತವರಿಗೆ ಇನ್ನೊಂದು ದೊರೆತೇ ತೀರಬೇಕೆಂಬ ನಿಯಮವಿಲ್ಲ.

ಸುಂದರಾಂಬಾಳರನ್ನು ವಾಕ್ಚಿತ್ರಕ್ಕೆ ಕರೆದಾಗಲೂ ವ್ರತದ ಪ್ರಶ್ನೆಯೇ ಮುಂದೆ ಬಂದಿತು. ಆಕೆಯು ನಿರಾಕರಿಸುವ ಉದ್ದೇಶದಿಂದಲೇ ಯಾರೂ ಕೊಡಲಾರದಷ್ಟು ಹಣವನ್ನು ಕೇಳಿದರೆಂದೂ, ನಿರ್ಮಾಪಕರು ಅದಕ್ಕೆ ಒಪ್ಪಿಬಿಟ್ಟರೆಂದೂ ಹೇಳುವುದುಂಟು. ಹೇಗಿದ್ದರೂ ೧೯೩೫ರಲ್ಲಿ ತೆರೆಕಂಡ ‘ಭಕ್ತ ನಂದನಾರ್’ ಚಿತ್ರಕ್ಕೆ ಆಕೆಗೆ ಸಂದ ಒಂದು ಲಕ್ಷ ರೂಪಾಯಿಯು ಆ ಕಾಲಕ್ಕೆ ದೇಶವನ್ನೇ ಬೆರಗುಗೊಳಿಸಿದ ಮೊತ್ತ. ಪಾತ್ರವನ್ನು ನೋಡಿರಿ: ಚಿದಂಬರದ ನಟರಾಜನನ್ನು ಕಾಣಲು ಹಂಬಲಿಸಿದ ಅಸ್ಪೃಶ್ಯ ಭಕ್ತನಾದ ನಂದನ ಪಾತ್ರವನ್ನೇ ಆಕೆಯು ವಹಿಸಿದರು. ಬ್ರಾಹ್ಮಣ ಒಡೆಯನ ಪಾತ್ರದಲ್ಲಿ ಸಂಗೀತ ವಿದ್ವಾನ್ ಮಹಾರಾಜಪುರಂ ವಿಶ್ವನಾಥ ಅಯ್ಯರು ಇದ್ದರು. ಪುರುಷನಿಗೆ ನಾಯಿಕೆಯಾಗುವುದಿಲ್ಲವೆಂಬ ಮಾತನ್ನು ಆಕೆಯು ತಾನೇ ಪುರುಷಪಾತ್ರವನ್ನು ವಹಿಸಿ ಉಳಿಸಿಕೊಂಡರು. ಚಿತ್ರವು ಹಾಕಿದ ಹಣಕ್ಕೆ ತಕ್ಕಂತೆ ಗೆಲ್ಲಲಿಲ್ಲ. ವಿಮರ್ಶಕರು ಕಟುವಾಗಿ ಬರೆದರು. ಆದರೆ ರಸಿಕರ ಅಭಿಮಾನವು ಚಿತ್ರದೊಡನೆ ಬೀಳಲಿಲ್ಲ. ಅವರು ಪ್ರೀತಿಸಿದುದು ಕಂಠವನ್ನು. ಆ ಕಂಠವು ಹಾಗೆಯೇ ಇದ್ದಿತು.

೧೯೪೦ರಲ್ಲಿ ಆಕೆಯು ‘ಮಣಿಮೇಖಲೈ’ ಚಿತ್ರದಲ್ಲಿ ನಟಿಸಿದರು. ಗಣಿಕೆಯ ಮಗಳಾಗಿ ಹುಟ್ಟಿಯೂ ಬೌದ್ಧ ಭಿಕ್ಷುಣಿಯಾದ ಹೆಣ್ಣಿನ ಕಥೆಯದು. ಭಕ್ತನಾಯಿತು, ಭಿಕ್ಷುಣಿಯಾಯಿತು; ಇನ್ನು ಉಳಿದಿದ್ದುದು ಔವೆ.

೪

ಔವೆಯ ಕಥೆಯನ್ನು ತಮಿಳರು ಹೀಗೆ ಹೇಳುವರು. ರೂಪವತಿಯಾದ ಕನ್ಯೆಗೆ ಮನೆಯವರು ಮದುವೆಯನ್ನು ನಿಶ್ಚಯಿಸುವರು. ಅವಳ ಮನಸ್ಸಾದರೋ ದೇವರಲ್ಲಿಯೂ ಕವಿತೆಯಲ್ಲಿಯೂ ನೆಟ್ಟಿರುವುದು. ಅವಳು ಗಣಪತಿಯ ಮುಂದೆ ನಿಂತು, ತನ್ನ ಯೌವನವನ್ನು ತೆಗೆದುಕೊಂಡು ಮುಪ್ಪನ್ನು ಕೊಡೆಂದು ಬೇಡುವಳು. ಕ್ಷಣಮಾತ್ರದಲ್ಲಿ ಮುದುಕಿಯಾಗಿ, ಕೋಲನ್ನೂರಿ, ಅರಸರಿಗೂ ಆಳುಗಳಿಗೂ ನೀತಿಯನ್ನು ಹೇಳುತ್ತ ನಾಡನ್ನು ಸುತ್ತುವಳು. ಯೌವನವನ್ನು ಕಳೆದುಕೊಂಡುದರಿಂದಲೇ ಅವಳಿಗೆ ಎಲ್ಲ ಬಾಗಿಲುಗಳೂ ತೆರೆದುವು.

ಜೆಮಿನಿಯ ಎಸ್. ಎಸ್. ವಾಸನ್ ಅವರು ‘ಔವೈಯಾರ್’ ಚಿತ್ರವನ್ನು ಕೊತ್ತಮಂಗಲಂ ಸುಬ್ಬು ಅವರ ನಿರ್ದೇಶನದಲ್ಲಿ ತಯಾರಿಸಿ ೧೯೫೩ರಲ್ಲಿ ತೆರೆಗೆ ತಂದಾಗ, ಸುಂದರಾಂಬಾಳರಲ್ಲದೆ ಆ ಪಾತ್ರಕ್ಕೆ ಬೇರೆ ಯಾರನ್ನೂ ಕಲ್ಪಿಸುವಂತಿರಲಿಲ್ಲ. ಇದಕ್ಕೆ ಮೊದಲು ರಂಗದ ಮೇಲೆ ಔವೆಯಾಗಿ ಹೆಸರುಗಳಿಸಿದವರು ಪುರುಷರಾದ ಟಿ. ಕೆ. ಷಣ್ಮುಗಂ, ಅವರಿಗೆ ‘ಔವೈ ಷಣ್ಮುಗಂ’ ಎಂಬ ಹೆಸರೇ ನಿಂತಿತು. ಸುಂದರಾಂಬಾಳರ ಔವೆಗಾದರೋ ಅಭಿನಯದ ಜೊತೆಗೆ ಜೀವನದ ಸಾಕ್ಷಿಯೂ ಇದ್ದಿತು. ಇಪ್ಪತ್ತೈದನೆಯ ವಯಸ್ಸಿನಲ್ಲಿ ಬಿಳಿಯ ಸೀರೆಯನ್ನುಟ್ಟು ಮುಪ್ಪನ್ನು ತಾನಾಗಿ ಬರಮಾಡಿಕೊಂಡ ಹೆಂಗಸನ್ನು ಪ್ರೇಕ್ಷಕರು ಇಪ್ಪತ್ತು ವರ್ಷಗಳಿಂದ ನೋಡಿದ್ದರು. ರಾಜಾಜಿಯವರಂತಹ ಹಿರಿಯರಿಗೆ ಆ ಚಿತ್ರವು ರುಚಿಸಲಿಲ್ಲ. ಜನರು ಮಾತ್ರ ಅದನ್ನು ತಲೆಯ ಮೇಲೆ ಹೊತ್ತರು. ಅಂದಿನಿಂದ ತಮಿಳರ ಮನಸ್ಸಿನಲ್ಲಿ ಔವೆಗೆ ಸುಂದರಾಂಬಾಳರ ಮುಖವೂ ಕಂಠವೂ ಬಂದುವು.

ಈ ನಡುವೆ ೧೯೫೧ರಲ್ಲಿ ಆಕೆಯು ಮದರಾಸು ವಿಧಾನ ಪರಿಷತ್ತಿನ ಸದಸ್ಯೆಯಾದರು. ಚಲಚ್ಚಿತ್ರದ ಕಲಾವಿದರಲ್ಲಿ ಶಾಸನಸಭೆಯನ್ನು ಪ್ರವೇಶಿಸಿದ ಮೊದಲಿಗರು ಆಕೆಯೆಂದು ಎಣಿಸುವರು. ಬಳ್ಳಾರಿ, ದಕ್ಷಿಣ ಕನ್ನಡಗಳೂ ಆ ರಾಜ್ಯದಲ್ಲಿಯೇ ಇದ್ದ ಕಾಲವದು. ರೈಲಿನಲ್ಲಿ ಹಾಡಿ ಕಾಸು ಬೇಡುತ್ತಿದ್ದಳೆಂಬ ಹುಡುಗಿಯು, ತಂದೆಯ ಹೆಸರಿಲ್ಲದ ತಾಯಿಯ ಮಗಳು, ಶಾಸಕರ ಸಾಲಿನಲ್ಲಿ ಕುಳಿತುದು ಸಾಮಾನ್ಯ ಸಂಗತಿಯಲ್ಲ. ೧೯೬೪ರ ‘ಪೂಂಪುಹಾರ್’ ಚಿತ್ರಕ್ಕೆ ಕಥಾಸಂಭಾಷಣೆಗಳನ್ನು ಬರೆದವರು ದ್ರಾವಿಡ ಚಳವಳಿಯ ಕರುಣಾನಿಧಿಯವರು. ಅದರಲ್ಲಿ ಜೈನ ಸನ್ಯಾಸಿನಿಯಾದ ಕವುಂದಿಯ ಪಾತ್ರಕ್ಕೆ ಕಾಂಗ್ರೆಸ್ ಭಕ್ತರೂ ಮುರುಗನ ಭಕ್ತರೂ ಆದ ಸುಂದರಾಂಬಾಳರೇ ಬೇಕಾದರು. ಪಕ್ಷಭೇದವೂ ಮತಭೇದವೂ ಆಕೆಯ ರಸಿಕವರ್ಗವನ್ನು ಒಡೆಯಲಿಲ್ಲ.

೧೯೬೫ರಲ್ಲಿ ಬಂದ ‘ತಿರುವಿಳೈಯಾಡಲ್’ ಚಿತ್ರದ ಒಂದು ಸಂದರ್ಭವನ್ನು ಇಲ್ಲಿ ಹೇಳಲೇಬೇಕು. ಹಣ್ಣು ತನಗೆ ದೊರೆಯಲಿಲ್ಲವೆಂದು ಮುನಿದು ಪಳನಿಯ ಬೆಟ್ಟವನ್ನೇರಿ ನಿಂತ ಬಾಲಕ ಮುರುಗನನ್ನು ಔವೆಯು ಹಾಡಿನಿಂದ ಸಂತೈಸುವಳು. ಅರುವತ್ತಕ್ಕೆ ಸಮೀಪಿಸಿದ ಸುಂದರಾಂಬಾಳರು ಆ ಹಾಡನ್ನು ಹಾಡಿದಾಗ ಕೇಳಿದವರಲ್ಲಿ ತರುಣರು ಒಬ್ಬ ಅಜ್ಜಿಯನ್ನೂ ಒಬ್ಬ ಮಗುವನ್ನೂ ಕಂಡರು. ವಳ್ಳಿಯ ನಾಟಕವನ್ನು ನೋಡಿದ್ದ ಹಿರಿಯರಿಗಾದರೋ ಅದೇ ಮುರುಗ, ಅದೇ ಕಂಠ. ನಲವತ್ತು ವರ್ಷಗಳ ಹಿಂದೆ ವೇಲನೊಡನೆ ವಾದಿಸಿ ಗೆದ್ದವಳು ಈಗ ಅವನನ್ನು ಮಗುವೆಂದು ಕರೆಯುತ್ತಿರುವಳು. ರಸಿಕನೊಬ್ಬನ ಜೀವಮಾನದ ನೆನಪುಗಳೆಲ್ಲ ಒಂದು ಹಾಡಿನಲ್ಲಿ ಕೂಡಿಬರುವ ಇಂತಹ ಘಳಿಗೆಯು, ದೀರ್ಘಕಾಲ ಬಾಳಿದ ಕಲಾವಿದರಿಂದ ಮಾತ್ರವೇ ದೊರೆಯತಕ್ಕದ್ದು.

೧೯೬೬ರಲ್ಲಿ ತಮಿಳಿಶೈ ಸಂಘವು ಆಕೆಗೆ ‘ಇಶೈ ಪೇರರಿಞರ್’ ಎಂಬ ಬಿರುದನ್ನಿತ್ತಿತು. ೧೯೬೯ರ ‘ತುಣೈವನ್’ ಚಿತ್ರದ ಗಾನಕ್ಕಾಗಿ ರಾಷ್ಟ್ರಪ್ರಶಸ್ತಿಯೂ, ೧೯೭೦ರಲ್ಲಿ ಪದ್ಮಶ್ರೀಯೂ ಸಂದುವು. ೧೯೭೩ರ ‘ಕಾರೈಕ್ಕಾಲ್ ಅಮ್ಮೈಯಾರ್’ ಚಿತ್ರದಲ್ಲಿ, ಸೌಂದರ್ಯವನ್ನು ತೊರೆದು ಪ್ರೇತರೂಪವನ್ನು ಬೇಡಿ ಪಡೆದ ಶಿವಭಕ್ತೆಯ ಪಾತ್ರವನ್ನು ಆಕೆಯು ವಹಿಸಿದರು.

೫

ಈಗ ಮೊದಲ ಪ್ರಶ್ನೆಗಳಿಗೆ ಹಿಂದಿರುಗಬಹುದು. ರಸಿಕರು ಮೆಚ್ಚಿದುದು ಕಂಠವನ್ನು, ಇದರಲ್ಲಿ ಸಂದೇಹವಿಲ್ಲ. ಅವರು ಕೊಟ್ಟುದು ಧನವನ್ನು, ಬಿರುದನ್ನು, ಕಡೆಗೆ ಮಾತೃಸ್ಥಾನವನ್ನು. ಆದರೆ ಬಯಸಿದುದೇನು?

ಆಕೆಯ ಪಾತ್ರಗಳ ಸಾಲು ತಾನೇ ಉತ್ತರವನ್ನು ಹೇಳುವುದು. ನಂದನು, ಭಿಕ್ಷುಣಿ, ಔವೆ, ಕವುಂದಿ, ಕಾರೈಕ್ಕಾಲಿನ ಅಮ್ಮೆ: ಎಲ್ಲರೂ ದೇಹಸುಖವನ್ನು ತೊರೆದವರು. ಕಂಠಕ್ಕೆ ಚಪ್ಪಾಳೆಯನ್ನು ಕೊಡಲು ಸಮಾಜವು ಎಂದೂ ಹಿಂಜರಿಯಲಿಲ್ಲ. ಕಂಠವುಳ್ಳ ಹೆಂಗಸಿಗೆ ಗೌರವವನ್ನು ಕೊಡಲು ಮಾತ್ರ ಅದು ಬಿಳಿಯ ಸೀರೆಯನ್ನು ಕೇಳಿತು. ವ್ರತವು ಆಕೆಯದೇ, ಅದು ನಿಜವಾದ ಪ್ರೇಮದಿಂದಲೂ ನಿಜವಾದ ಭಕ್ತಿಯಿಂದಲೂ ಹುಟ್ಟಿದುದು. ಅದನ್ನು ಕಡೆಯವರೆಗೂ ಕಾಯ್ದುಕೊಂಡ ಧೈರ್ಯವು ಪೂಜ್ಯವಾದುದೇ. ಆದರೆ ಅಂತಹ ವ್ರತವನ್ನು ಕೈಕೊಳ್ಳದ ಎಷ್ಟೋ ಮಂದಿ ಸ್ಪೆಷಲ್ ನಾಟಕದ ನಟಿಯರು, ಇರುಳೆಲ್ಲ ಹಾಡಿ ಊರನ್ನು ಸಂತೋಷಪಡಿಸಿದವರು, ಹೆಸರಿಲ್ಲದೆ ಹೋದರೆಂಬುದನ್ನೂ ಮರೆಯುವಂತಿಲ್ಲ. ಪುರುಷ ನಟರನ್ನು ಯಾರೂ ಇಂತಹ ಪರೀಕ್ಷೆಗೆ ಒಡ್ಡಲಿಲ್ಲ.

ಇದು ತಮಿಳು ನಾಡೊಂದರ ಕಥೆಯಲ್ಲವೆಂಬುದಕ್ಕೆ ಕನ್ನಡ ನೆಲದ ಒಂದು ನಿದರ್ಶನವುಂಟು. ಮರಾಠಿ ರಂಗದ ಬಾಲಗಂಧರ್ವರು (೧೮೮೮–೧೯೬೭) ಸ್ತ್ರೀಪಾತ್ರಗಳಲ್ಲಿ ಪಡೆದ ಜನಾನುರಾಗವನ್ನು ಉತ್ತರ ಕರ್ನಾಟಕದವರಿಗೆ ಹೇಳಬೇಕಾದುದಿಲ್ಲ. ಅವರ ಗಾನಕ್ಕೆ ಮನಸೋತು, ಅದೇ ಶೈಲಿಯಲ್ಲಿ ಹಾಡುವುದನ್ನು ಕಲಿತು, ೧೯೩೦ರ ದಶಕದ ಕೊನೆಯ ಭಾಗದಲ್ಲಿ ಅವರ ರಂಗಕ್ಕೆ ಬಂದ ಗೋಹರಬಾಯಿ ಕರ್ನಾಟಕಿಯವರು ಬೀಳಗಿಯವರು, ಅಮೀರಬಾಯಿಯವರ ಅಕ್ಕ. ೧೯೫೧ರಲ್ಲಿ ಬಾಲಗಂಧರ್ವರು ಆಕೆಯನ್ನು ಮದುವೆಯಾದರು. ಹೆಣ್ಣಿನ ವೇಷವನ್ನು ಧರಿಸಿದ ಪುರುಷನನ್ನು ಆರಾಧಿಸಿದ ರಸಿಕರಲ್ಲಿ ಅನೇಕರು, ಆತನ ಪಕ್ಕದಲ್ಲಿ ನಿಂತು ಆತನ ಹಾಡನ್ನೇ ಹಾಡಿದ ನಿಜವಾದ ಹೆಣ್ಣನ್ನು ಸ್ವೀಕರಿಸಲಾರದೆ ಹೋದರು. ಗೋಹರಬಾಯಿಯವರೂ ಮೊದಲು ರಸಿಕರೇ ಆಗಿದ್ದರೆಂಬುದನ್ನು ನೆನೆದರೆ ಈ ನಿರ್ದಯತೆಯು ಇನ್ನಷ್ಟು ನೋಯಿಸುವುದು.

ರಸಿಕರ ಅಭಿಮಾನವು ದೊಡ್ಡ ಶಕ್ತಿ. ಅದು ಬಡ ಹುಡುಗಿಯೊಬ್ಬಳನ್ನು ರೈಲುಬಂಡಿಯಿಂದ ಎತ್ತಿ ವಿಧಾನ ಪರಿಷತ್ತಿನಲ್ಲಿ ಕೂರಿಸಿತು. ಬಾಲಾಮಣಿಯವರಿಗೆ ಒದಗಿದ ಮುಪ್ಪು ಸುಂದರಾಂಬಾಳರಿಗೆ ಒದಗದಂತೆ ಕಾಯಿತು. ಆದರೆ ಆ ಶಕ್ತಿಯು ಕೊಡುವಾಗ ಅಳೆದು ಕೊಡುವುದು, ತನ್ನ ಮನಸ್ಸಿನ ಚಿತ್ರಕ್ಕೆ ಹೊಂದಿದವರಿಗೆ ಹೆಚ್ಚು, ಹೊಂದದವರಿಗೆ ಕಡಮೆ. ವಳ್ಳಿಯಾಗಿ ಮಾತಿಗೆ ಮಾತು ಕೊಟ್ಟು ಗೆಲ್ಲುತ್ತಿದ್ದ ಆ ಚೂಟಿ, ಆ ವಿನೋದ, ಆ ಶೃಂಗಾರ, ಇವು ಇಪ್ಪತ್ತೈದರ ಮೇಲೆ ಮತ್ತೆಂದೂ ಆಕೆಯ ಕಂಠದಲ್ಲಿ ರಂಗವನ್ನೇರಲಿಲ್ಲ. ಔವೆಯನ್ನು ಪಡೆದ ರಸಿಕರು ವಳ್ಳಿಯನ್ನು ಕಳೆದುಕೊಂಡರು. ತಾವು ಕಳೆದುಕೊಂಡುದೇನೆಂದು ಅವರಲ್ಲಿ ಬಹುಮಂದಿ ಲೆಕ್ಕವಿಡಲಿಲ್ಲ.

ಆಕೆಯನ್ನು ರಂಗದ ಮೇಲೆ ಕಂಡ ತಲೆಮಾರು ಈಗ ಇಲ್ಲ. ಉಳಿದಿರುವುದು ಧ್ವನಿಮುದ್ರಿಕೆಗಳು. ಸವೆದ ತಟ್ಟೆಗಳಿಂದ ಎತ್ತಿ ಉಳಿಸಿದ ಆ ಹಳೆಯ ಹಾಡುಗಳನ್ನು ಕೇಳುವವರಿಗೆ ಆಕೆಯು ಉಟ್ಟ ಸೀರೆಯ ಬಣ್ಣವು ಕಾಣುವುದಿಲ್ಲ. ತಾಯಿಯೋ, ವಿಧವೆಯೋ, ಬ್ರಾಹ್ಮಣನ ಹೆಂಡತಿಯೋ, ನಾಟಕದವಳೋ ಎಂಬ ವಿಚಾರವೂ ಆ ಧ್ವನಿಯಲ್ಲಿ ಇಲ್ಲ. ಎತ್ತರದ ಶ್ರುತಿಯಲ್ಲಿ ನಿಂತು, ಒಂದೊಂದು ಅಕ್ಷರವನ್ನೂ ಬಿಡಿಸಿ, ಕಡೆಯ ಸಾಲಿನವನಿಗೂ ಮುಟ್ಟುವಂತೆ ಹಾಡುತ್ತಿರುವ ಹೆಂಗಸೊಬ್ಬಳು ಇದ್ದಾಳೆ, ಅಷ್ಟೆ. ಆಕೆಯ ಕಾಲದ ರಸಿಕರು ಷರತ್ತಿನೊಡನೆ ಕೊಟ್ಟುದನ್ನು ಈಗಿನ ಕೇಳುಗರು ಷರತ್ತಿಲ್ಲದೆ ಕೊಡಬಹುದು. ಔವೆಗೆ ಕೈಮುಗಿದಷ್ಟೇ ಸಂತೋಷದಿಂದ ವಳ್ಳಿಗೂ ತಲೆದೂಗಿದರೆ ಆ ಋಣವು ಸ್ವಲ್ಪಮಟ್ಟಿಗಾದರೂ ತೀರುವುದು.